ಗೃಹಾರೋಗ್ಯ: ಅಫೀಮಿನ ವ್ಯಸನವೂ ಅದರ ಚಿಕಿತ್ಸೆಯೂ

ಗಸಗಸೆಯ ಪಾಯಸವನ್ನು ಅರಿಯದ ಕನ್ನಡಿಗರ ಮನೆ ವಿರಳ. ಅದನ್ನುಂಡವರು ಸುಖವಾಗಿ ನಿದ್ರಿಸುವರೆಂಬ ಮಾತೂ ಹಳೆಯದೇ. ಆದರೆ ಅಮಲಿನ ಅಂಶವಿರುವುದು ಬೀಜದಲ್ಲಲ್ಲ. ಅದೇ ಗಿಡದ ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಆ ಹಾಲು ಒಣಗಿದರೆ ಅಫೀಮು. ಅಫೀಮಿನ ಸಾರವಾದ ಮಾರ್ಫಿನ್ನನ್ನು 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬವರು ಬೇರ್ಪಡಿಸಿದರು. ಮಾರ್ಫಿನ್ನಿನಿಂದ ತಯಾರಿಸಿದ ಹೆರಾಯಿನ್ನನ್ನು 1898ರಲ್ಲಿ ಬೇಯರ್ ಕಂಪನಿಯು ಕೆಮ್ಮಿನ ಔಷಧವೆಂದು ಮಾರಾಟಕ್ಕೆ ತಂದಿತು. ಪ್ರಯೋಗಶಾಲೆಯಲ್ಲಿಯೇ ತಯಾರಾಗುವ ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್ ಮೊದಲಾದ ನೋವಿನ ಔಷಧಗಳೂ ಇದೇ ಕುಲಕ್ಕೆ ಸೇರಿದವು.

ಈ ವ್ಯಸನವು ನಮಗೆ ದೂರದ್ದೆಂದು ವಾಚಕರು ಭಾವಿಸಬಾರದು. 2019ರಲ್ಲಿ ಪ್ರಕಟವಾದ ಭಾರತ ಸರ್ಕಾರದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 2.26 ಕೋಟಿ ಜನರು ಈ ಕುಲದ ಪದಾರ್ಥಗಳನ್ನು ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ಚಿಕಿತ್ಸೆಯ ನೆರವು ಬೇಕಾಗಿದ್ದಿತು. ಇಂತಹ ವಿಪತ್ತು ಬಂದೊದಗಿದ ಮನೆಯಲ್ಲಿ ಹಿರಿಯರು ಮೊದಲು ಕೇಳುವ ಪ್ರಶ್ನೆಯೊಂದುಂಟು: “ಹದಿನೈದು ದಿನ ಆಸ್ಪತ್ರೆಯಲ್ಲಿಟ್ಟು ಮೈಯೊಳಗಿನ ವಿಷವನ್ನೆಲ್ಲ ಕಳೆದುಬಿಟ್ಟರೆ ಹುಡುಗನು ಸರಿಹೋಗುವನಲ್ಲವೆ?” ಅಷ್ಟರಿಂದಲೇ ಸರಿಹೋಗುವುದು ಅಪರೂಪ, ಅಷ್ಟಕ್ಕೇ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟು. ಅರುವತ್ತು ವರ್ಷಗಳ ಸಂಶೋಧನೆಯು ಕೊಡುವ ಉತ್ತರವಿದು. ಇದರ ಕಾರಣವನ್ನು ಗೃಹಸ್ಥರೆಲ್ಲರೂ ತಿಳಿದಿರತಕ್ಕದ್ದು.

ನಮ್ಮ ಮಿದುಳಿನಲ್ಲಿ ಈ ಪದಾರ್ಥಗಳು ಬಂದು ಕೂರುವ ನಿಯತವಾದ ಸ್ಥಾನಗಳಿವೆ; ಅವುಗಳಿಗೆ ಗ್ರಾಹಕಗಳೆಂದು ಹೆಸರು. ಅಮೆರಿಕೆಯ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಎಂಬವರು 1973ರಲ್ಲಿ ಇವುಗಳನ್ನು ತೋರಿಸಿಕೊಟ್ಟರು. ಎರಡು ವರ್ಷಗಳ ಬಳಿಕ, ನಮ್ಮ ಶರೀರವೇ ನೋವನ್ನು ತಣಿಸುವುದಕ್ಕಾಗಿ ಅಫೀಮಿನಂತಹ ದ್ರವ್ಯಗಳನ್ನು ತಯಾರಿಸಿಕೊಳ್ಳುತ್ತದೆಂಬುದೂ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಗೊತ್ತಾಯಿತು. ಹೊರಗಿನಿಂದ ಅಮಲು ಬಹುಕಾಲ ಬರುತ್ತಿದ್ದರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುವುದು. ಆಗ ನಿನ್ನೆ ಸಾಕಾದುದು ಇಂದು ಸಾಲದು. ಒಮ್ಮೆಲೇ ನಿಲ್ಲಿಸಿದರೆ ಕಣ್ಣುಮೂಗಿನಲ್ಲಿ ನೀರು, ಮೈಕೈ ನೋವು, ವಾಂತಿ, ಭೇದಿ, ನಿದ್ರಾಭಂಗಗಳು ತಲೆದೋರುವುವು. ಈ ಬಾಧೆಯು ಒಂದೆರಡು ವಾರಗಳಲ್ಲಿ ತಗ್ಗುವುದು. ಆದರೆ ಮಿದುಳಿನಲ್ಲಾದ ಮಾರ್ಪಾಡೂ ಅದರಿಂದ ಹುಟ್ಟುವ ಹಂಬಲವೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಉಳಿಯುವುವು.

ಈ ರೋಗಕ್ಕೆ ಔಷಧ ಚಿಕಿತ್ಸೆಯ ಹಾದಿಯು ತೆರೆದುದು ನ್ಯೂಯಾರ್ಕ್ ನಗರದಲ್ಲಿ. 1964ರಲ್ಲಿ ಅಲ್ಲಿಯ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ಡಾಕ್ಟರ್ ವಿನ್ಸೆಂಟ್ ಡೋಲ್ ಅವರು, ವ್ಯಸನಿಗಳನ್ನು ಅಪರಾಧಿಗಳೆಂದಲ್ಲದೆ ರೋಗಿಗಳೆಂದು ಕಂಡಿದ್ದ ಮನೋವೈದ್ಯೆ ಮೇರಿ ನೈಸ್ವಾಂಡರ್ ಅವರನ್ನು ಜೊತೆಗೂಡಿಸಿಕೊಂಡರು. ಮೇರಿ ಜೀನ್ ಕ್ರೀಕ್ ಎಂಬ ತರುಣ ವೈದ್ಯೆಯೂ ಇವರೊಡನೆ ಸೇರಿದರು. ಮೊದಲು ರೋಗಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದರು. ಅದರ ಪ್ರಭಾವವು ಕೆಲವು ಗಂಟೆಗಳಲ್ಲಿಯೇ ಇಳಿಯುವುದರಿಂದ, ರೋಗಿಗಳು ಮುಂದಿನ ಚುಚ್ಚುಮದ್ದಿನ ದಾರಿ ಕಾಯುವುದೊಂದನ್ನುಳಿದು ಬೇರೇನನ್ನೂ ಮಾಡಲಾರದವರಾಗಿದ್ದರು. ಅನಂತರ ಮೆಥಡೋನ್ ಎಂಬ ಔಷಧವನ್ನು ದಿನಕ್ಕೊಮ್ಮೆ ಬಾಯಿಯ ಮೂಲಕ ಕೊಟ್ಟರು. ಇದರ ಪ್ರಭಾವವು ಒಂದು ದಿನಕ್ಕೂ ಮೀರಿ ಸಮನಾಗಿ ನಿಲ್ಲುವುದು. ಯೋಗ್ಯ ಪ್ರಮಾಣದಲ್ಲಿ ಕೊಟ್ಟರೆ ಅಮಲೇರದು, ಬಾಧೆಯೂ ಬಾರದು, ಹಂಬಲವು ಅಡಗುವುದು. ಮಂಚ ಹಿಡಿದು ಕುಳಿತಿದ್ದವರಲ್ಲಿ ಒಬ್ಬನು ಚಿತ್ರ ಬರೆಯತೊಡಗಿದನು. ಇನ್ನೊಬ್ಬನು ನಿಂತ ಓದನ್ನು ಮುಂದುವರಿಸುವೆನೆಂದನು. 22 ಜನ ರೋಗಿಗಳ ಈ ವೃತ್ತಾಂತವು 1965ರಲ್ಲಿ ಅಮೆರಿಕೆಯ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

“ಒಂದು ಅಮಲನ್ನು ಬಿಡಿಸಿ ಇನ್ನೊಂದನ್ನು ಹಚ್ಚಿದಂತಾಯಿತಲ್ಲವೆ?” ಎಂದು ಆಗಲೂ ಆಕ್ಷೇಪಿಸಿದರು, ಈಗಲೂ ಆಕ್ಷೇಪಿಸುವರು. ಆಕ್ಷೇಪವು ಸಹಜವೇ. ಆದರೆ ಮಧುಮೇಹಿಯು ನಿತ್ಯವೂ ಇನ್ಸುಲಿನ್ ತೆಗೆದುಕೊಂಡು ತನ್ನ ಕೆಲಸಕಾರ್ಯಗಳನ್ನು ನೋಡಿಕೊಳ್ಳುತ್ತಿದ್ದರೆ ಅವನನ್ನು ನಾವು ಔಷಧದ ದಾಸನೆನ್ನುವುದಿಲ್ಲ. ಶರೀರವು ಔಷಧವನ್ನು ಅವಲಂಬಿಸುವುದು ಬೇರೆ. ಮನೆಮಠಗಳನ್ನು ಮರೆತು ಅಮಲಿನ ಬೆನ್ನು ಹತ್ತುವುದು ಬೇರೆ. ಚಿಕಿತ್ಸೆಯ ಗುರಿ ಎರಡನೆಯದನ್ನು ತಪ್ಪಿಸುವುದು.

ಮೆಥಡೋನಿನ ಬಳಿಕ ಬಂದ ಮತ್ತೊಂದು ಔಷಧವು ಬ್ಯುಪ್ರಿನಾರ್ಫಿನ್. ನಾಲಗೆಯ ಕೆಳಗಿಟ್ಟು ಕರಗಿಸುವ ಗುಳಿಗೆ. ಇದು ಗ್ರಾಹಕಗಳನ್ನು ಬಿಗಿಯಾಗಿ ಹಿಡಿದರೂ ಅರ್ಧಮಟ್ಟಿಗೆ ಮಾತ್ರವೇ ಪ್ರಚೋದಿಸುವುದರಿಂದ ಉಸಿರಾಟಕ್ಕೆ ತರುವ ಅಪಾಯವು ಕಡಿಮೆ. ಇದನ್ನು ಕುರಿತು ಸ್ವೀಡನ್ನಿನಲ್ಲಿ ನಡೆದ ಒಂದು ಪರೀಕ್ಷೆಯ ಫಲವು 2003ರಲ್ಲಿ ಪ್ರಕಟವಾಯಿತು. ಹಿಂದೆ ಹೇಳಿದ ಕ್ರೀಕ್ ಅವರೂ ಅದರ ಲೇಖಕರಲ್ಲೊಬ್ಬರು. ಹೆರಾಯಿನ್ ವ್ಯಸನಿಗಳಾದ 40 ಜನರನ್ನು ಎರಡು ಗುಂಪು ಮಾಡಿ, 20 ಜನರಿಗೆ ವರ್ಷವಿಡೀ ಈ ಗುಳಿಗೆಯನ್ನು ಕೊಟ್ಟರು. ಉಳಿದ 20 ಜನರಿಗೆ ಆರು ದಿನ ಮಾತ್ರ ಕೊಟ್ಟು, ಇಳಿಸಿ ನಿಲ್ಲಿಸಿ, ಬಳಿಕ ಔಷಧವಿಲ್ಲದ ಹುಸಿ ಗುಳಿಗೆಯನ್ನು ಕೊಟ್ಟರು. ಬುದ್ಧಿವಾದವೂ ಆರೈಕೆಯೂ ಇಬ್ಬಗೆಯವರಿಗೂ ಸಮನಾಗಿ ದೊರೆತುವು. ವರ್ಷದ ಕೊನೆಯಲ್ಲಿ ಮೊದಲನೆಯ ಗುಂಪಿನ 15 ಜನರು ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೆಯದರಲ್ಲಿ ಒಬ್ಬನೂ ಉಳಿದಿರಲಿಲ್ಲ. ಅಷ್ಟೇ ಅಲ್ಲ, ಆ ಎರಡನೆಯ ಗುಂಪಿನ ನಾಲ್ವರು ಮೃತರಾಗಿದ್ದರು. ಮೊದಲನೆಯದರಲ್ಲಿ ಯಾರೂ ಸಾಯಲಿಲ್ಲ.

ಅಮಲನ್ನು ಬಿಟ್ಟವರಿಗೆ ಅಪಾಯವೇಕೆ? ಕೆಲವು ವಾರ ಬಿಟ್ಟಿದ್ದರೆ ಮೈಗಿದ್ದ ತಾಳಿಕೆಯು ಇಳಿಯುವುದು, ಹಂಬಲವೋ ಇಳಿಯದು. ಮನಸ್ಸು ಸೋತು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ಉಸಿರಾಟವನ್ನು ನಡೆಸುವ ಮಿದುಳಿನ ಭಾಗವು ಮಂಕಾಗಿ ಉಸಿರು ನಿಲ್ಲುವುದು. ಆಸ್ಪತ್ರೆಯಿಂದಲೋ ಸೆರೆಮನೆಯಿಂದಲೋ ಹೊರಬಂದ ಮೊದಲ ವಾರಗಳು ಇದರಿಂದಲೇ ಭಯಂಕರವಾದವು. ಯಾವನಾದರೂ ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆಯು ಸೂಜಿಯ ಮೊನೆಯಷ್ಟಾಗಿದ್ದರೆ, ನಿಂಬೆರಸ ಕುಡಿಸುವುದು, ತಣ್ಣೀರು ಸುರಿಯುವುದು ಇವುಗಳಲ್ಲಿ ಕಾಲ ಕಳೆಯಬಾರದು. ಕೂಡಲೇ 108ಕ್ಕೆ ಕರೆಮಾಡತಕ್ಕದ್ದು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಉಸಿರು ನಿಂತಿದ್ದರೆ, ಬಲ್ಲವರು ಬಾಯಿಂದ ಉಸಿರು ಊದಬೇಕು. ನ್ಯಾಲೋಕ್ಸೋನ್ ಎಂಬ ಔಷಧವು ಅಮಲನ್ನು ಗ್ರಾಹಕಗಳಿಂದ ತಳ್ಳಿ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲುದು. ಆದರೆ ಅದರ ಪ್ರಭಾವವು ಅಲ್ಪಕಾಲದ್ದು. ಎದ್ದು ಕುಳಿತವನೂ ಆಸ್ಪತ್ರೆಯಲ್ಲಿಯೇ ಇರಬೇಕು.

ಚುಚ್ಚಿಕೊಳ್ಳುವವರಿಗೆ ಬೇರೆ ಉಪದ್ರವಗಳೂ ಉಂಟು. ಚರ್ಮದ ಮೇಲಿನ ಕ್ರಿಮಿಗಳು ಸೂಜಿಯೊಡನೆ ರಕ್ತವನ್ನು ಸೇರಿ ಹೃದಯದ ಕವಾಟಗಳಲ್ಲಿ ನೆಲೆಸಬಹುದು. ಬಿಡದ ಜ್ವರ, ಕೆಮ್ಮು, ಏದುಸಿರುಗಳಿದ್ದರೆ ಇದನ್ನು ಶಂಕಿಸಬೇಕು. ಇದಕ್ಕೆ ಹಲವು ವಾರಗಳ ಚಿಕಿತ್ಸೆ ಬೇಕು. ಕವಾಟವನ್ನು ಮಾತ್ರ ಗುಣಪಡಿಸಿ ವ್ಯಸನವನ್ನು ಹಾಗೆಯೇ ಬಿಟ್ಟರೆ ರೋಗವು ಮರಳಿ ಬರುವ ಭಯವಿರುವುದರಿಂದ, ಎರಡಕ್ಕೂ ಒಟ್ಟಿಗೆ ಔಷಧ ನಡೆಯಬೇಕೆಂಬುದು ವೈದ್ಯರ ಅಭಿಪ್ರಾಯ. ಒಂದೇ ಸೂಜಿಯನ್ನು ಹಲವರು ಬಳಸುವುದರಿಂದ ಎಚ್.ಐ.ವಿ.ಯೂ, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ರೋಗವೂ ಹರಡುವುವು. 1989ರ ಕೊನೆಯಿಂದ ಮಣಿಪುರದಲ್ಲಿ ಎಚ್.ಐ.ವಿ.ಯು ಹೀಗೆಯೇ ತ್ವರಿತವಾಗಿ ವ್ಯಾಪಿಸಿತು. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ ಹನ್ನೆರಡು ವಾರಗಳ ಗುಳಿಗೆಯಿಂದ ವಾಸಿಯಾಗುವುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ.

ಇನ್ನು ಮನೆಯವರು ಮಾಡತಕ್ಕ ಕೆಲಸ. ರೋಗಿಯನ್ನು ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು, ಆಣೆ ಹಾಕಿಸುವುದು ಚಿಕಿತ್ಸೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಒಂದು ವಿಭಾಗವಿದೆ. ಸಮೀಪದ ಕೇಂದ್ರವನ್ನು ತಿಳಿಯಲು ಸರ್ಕಾರದ 14446 ಎಂಬ ಉಚಿತ ದೂರವಾಣಿಯುಂಟು. ತಾನೇ ಸೇವಿಸುವುದಕ್ಕೆ ಅಲ್ಪ ಪ್ರಮಾಣವನ್ನು ಇಟ್ಟುಕೊಂಡು ಸಿಕ್ಕಿಬಿದ್ದ ವ್ಯಸನಿಯು ಸರ್ಕಾರವು ಮನ್ನಿಸಿದ ಕಡೆ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, 1985ರ ಮಾದಕ ದ್ರವ್ಯಗಳ ಕಾಯಿದೆಯ 64-ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವುದು. ಔಷಧವನ್ನು ವೈದ್ಯರ ಕಣ್ಣಿನಲ್ಲಿಯೇ ಆರಂಭಿಸಬೇಕು. ಮದ್ಯವನ್ನಾಗಲಿ ನಿದ್ರೆಯ ಗುಳಿಗೆಯನ್ನಾಗಲಿ ಅದರೊಡನೆ ಸೇರಿಸಬಾರದು. ಮಕ್ಕಳ ಕೈಗೆಟುಕದಂತೆ ಬೀಗ ಹಾಕಿಡಬೇಕು. ಬಸುರಿಯಾದವಳು ಅಮಲನ್ನು ತಾನೇ ಒಮ್ಮೆಲೇ ನಿಲ್ಲಿಸದೆ ವೈದ್ಯರನ್ನು ಕಾಣಬೇಕು. ತಾಯಿಗೂ ಶಿಶುವಿಗೂ ಹಿತವಾದ ಔಷಧವಿದೆ.

ಎಷ್ಟು ಕಾಲ ಔಷಧ ಬೇಕೆಂಬುದನ್ನು ವೈದ್ಯರೂ ರೋಗಿಯೂ ಕೂಡಿ ನಿರ್ಣಯಿಸಲಿ. ನಡುವೆ ಅವನ ಆರೋಗ್ಯವು ಸುಧಾರಿಸಿತೆಂದು “ಇನ್ನು ಸಾಕು, ಬಿಟ್ಟುಬಿಡು” ಎಂದು ಮನೆಯವರು ಅವಸರಪಡಿಸಬಾರದು. ಒಂದು ವೇಳೆ ಅವನು ಮತ್ತೊಮ್ಮೆ ಜಾರಿದರೂ ಮನೆಯ ಬಾಗಿಲನ್ನು ಮುಚ್ಚದೆ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಾಗಿಲು ಮುಚ್ಚಿದ ಮನೆಯ ಹುಡುಗನು ಔಷಧವನ್ನೂ ಬಿಡುವನು, ಹೊರಗೆ ಒಬ್ಬನೇ ಅಮಲನ್ನೂ ಸೇವಿಸುವನು. ಉಸಿರು ನಿಂತಾಗ ನೋಡುವವರು ಯಾರೂ ಇರುವುದಿಲ್ಲ.