ತಪ್ಪು ಯಾರದು, ಜೈಲು ಯಾರಿಗೆ?

ಭ್ರಷ್ಟಾಚಾರ ಅಂದರೆ ದುಡ್ಡು ತಿನ್ನೋದು ಮಾತ್ರ ಅಲ್ಲ. ಅಧಿಕಾರವನ್ನು ಸ್ವಂತಕ್ಕೆ ಬಳಸುವುದೂ ಅದೇ. ಚುನಾವಣೆಗೆ ಸರ್ಕಾರಿ ನೌಕರರನ್ನು ಬಳಸಿಕೊಂಡರೆಂದು 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನೇ ರದ್ದು ಮಾಡಿತು. ಹದಿಮೂರೇ ದಿನ! ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಬಾಯಿ ಕಟ್ಟಿದರು. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬೆಂಗಳೂರು ಜೈಲಿಗೆ ಹಾಕಿದರು. ಅವರಿಗೆ ಆಸ್ತಮಾ ಇತ್ತು. ವಿಚಾರಣೆಯೇ ಇಲ್ಲದೆ ತಿಂಗಳುಗಟ್ಟಲೆ ಒಳಗಿದ್ದು, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ತಪ್ಪು ಮಾಡಿದ್ದು ಯಾರು, ಅನುಭವಿಸಿದ್ದು ಯಾರು?

ಕೆಲವು ಹಿರಿಯರು “ಆಗ ಲಂಚ ಕಡಿಮೆ ಇತ್ತಪ್ಪಾ” ಅಂತಾರೆ. ಇತ್ತೋ ಏನೋ! ತಗೊಂಡಿದ್ದರೂ ಪೇಪರಿನಲ್ಲಿ ಬರೆಯೋ ಹಾಗಿರಲಿಲ್ಲವಲ್ಲ?