ಬಲೆ ಮನೆಯಲ್ಲೇ ಆಗಲಿ

1:35 ಅಳತೆಯ ಪುಟ್ಟ ಟ್ಯಾಂಕು, ಜೀಪು ಜೋಡಿಸೋದು ನಮ್ಮ ಹಾಸ್ಟೆಲಿನ ಕೆಲವರ ವಾರಾಂತ್ಯದ ಹುಚ್ಚು. ಅವುಗಳ ಮೇಲೆ ಹೊದಿಸುವ ಕ್ಯಾಮೊಫ್ಲಾಜ್ ಬಲೆ ರೆಡಿಮೇಡ್ ಸಿಗುತ್ತೆ, ದುಬೈನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೇ ಬರುತ್ತೆ. ಆದರೂ ಅದನ್ನು ಕೈಯಾರೆ ಮಾಡಬೇಕು ಅನ್ನೋದು ನಮ್ಮ ವಾದ. ನಾಲ್ಕು ದಿರ್ಹಮ್ ಉಳಿಯುತ್ತೆ ಅಂತಲ್ಲ.

ಮೊದಲ ಸಲ ನಾವೂ ತರಿಸಿದ್ದೇ. ಹಚ್ಚ ಹಸಿರು ಬಲೆ ಬಂತು. ಕೊಡಗಿನ ಕಾಡಿಗೆ ಒಪ್ಪುತ್ತಿತ್ತೇನೋ. ಮರಳಿನ ಮೇಲಿಟ್ಟರೆ ಟ್ಯಾಂಕು ಅಡಗೋದಿರಲಿ, ಇನ್ನೂ ಎದ್ದು ಕಾಣಿಸಿತು.

ಆಗ ನೆಲ ನೋಡೋಕೆ ಹೊರಟ್ವಿ. ಜುಮೇರಾ ತೀರದ ಮರಳು ಬೆಳ್ಳಗಿದೆ, ಅದರಲ್ಲಿ ಚಿಪ್ಪಿನ ಪುಡಿ ಬೆರೆತಿದೆ. ಅಬುಧಾಬಿಯ ಲಿವಾ ದಿಬ್ಬಗಳದ್ದು ಕೆಂಪು ಛಾಯೆ, ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಲ್ಯಾಬು, ಮೆಟ್ರೋ, ಮಾಲು ಅಂತ ಓಡಾಡಿಕೊಂಡು ಒಂದೂವರೆ ವರ್ಷ ಕಳೆದ ನಮಗೆ ಮರಳು ಅಂದ್ರೆ ಒಂದೇ ಬಣ್ಣವಾಗಿತ್ತು!

ಮಾಡೋದು ಸುಲಭ. ಫಾರ್ಮಸಿಯಿಂದ ಗಾಜ್ ಬ್ಯಾಂಡೇಜ್ ತನ್ನಿ. ನಿಜವಾದ ಬಲೆಯ 7 ಸೆಂಟಿಮೀಟರ್ ಕಣ್ಣು ಈ ಅಳತೆಯಲ್ಲಿ 2 ಮಿಲಿಮೀಟರ್. ಬ್ಯಾಂಡೇಜಿನ ಕಣ್ಣು ಸಣ್ಣದಿದ್ದರೆ ಅಲ್ಲಲ್ಲಿ ಎಳೆ ಕಿತ್ತುಬಿಡಿ. ಹಾಲು ಹಾಕದ ಗಟ್ಟಿ ಚಹಾದಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ. ಗಾಡಿಗೆ ಕ್ಲಿಂಗ್ ಫಿಲ್ಮ್ ಸುತ್ತಿ. ಬಲೆಯನ್ನು ನೀರು ಬೆರೆಸಿದ ಫೆವಿಕಾಲಲ್ಲಿ ಅದ್ದಿ ಅದರ ಮೇಲೆ ಹೊದಿಸಿ, ಟಿಶ್ಯೂ ಪೇಪರಿನ ಸಣ್ಣ ಪಟ್ಟಿಗಳನ್ನು ಅಂಟಿಸಿ. ಒಣಗಿದ ಮೇಲೆ ನೀವು ನೋಡಿ ಬಂದ ನೆಲದ ಬಣ್ಣ ಹಚ್ಚಿ.

ಬರೀ ಬಣ್ಣವೂ ಸಾಲದು. ಬಲೆ ಗಾಡಿಯ ಅಂಚನ್ನೂ ನೆರಳನ್ನೂ ಒಡೆಯಬೇಕು. ಬಟ್ಟಬಯಲಲ್ಲಿ ಟ್ಯಾಂಕನ್ನು ಪೂರ್ತಿ ಅಡಗಿಸೋದು ಕಷ್ಟ. ಅದಕ್ಕೇ 1942ರಲ್ಲಿ ಈಜಿಪ್ಟಿನ ಎಲ್ ಅಲಮೇನ್ ಯುದ್ಧಕ್ಕೆ ಮುಂಚೆ ಬ್ರಿಟಿಷರು ಟ್ಯಾಂಕುಗಳಿಗೆ ಕ್ಯಾನ್ವಾಸ್ ಹೊದಿಕೆ ಹಾಕಿ ಲಾರಿಗಳ ವೇಷ ತೊಡಿಸಿದ್ದರು. ನೆಲ ನೋಡದವರಿಗೆ ಇಂಥ ಉಪಾಯ ಹೊಳೆಯಲ್ಲ.

"ಥೀಸಿಸ್ ಮಧ್ಯೆ ಇದಕ್ಕೆಲ್ಲ ಟೈಮೆಲ್ಲಿ?" ಅಂತ ಕೇಳ್ತೀರಿ. ನಿಜ. ಆದರೆ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ, ಸಾಫ್ಟ್‌ವೇರಲ್ಲಿ ಸೇತುವೆ ನಿಲ್ಲಿಸಿದ ನಮಗೆ ಮೊದಲ ದಿನ ಒಂದು ಪಟ್ಟಿ ನೆಟ್ಟಗೆ ಕತ್ತರಿಸೋಕೆ ಬರಲಿಲ್ಲ. ಕೈಗೂ ಕಣ್ಣಿಗೂ ಒಂದಿಷ್ಟು ಪಾಠ ಬೇಡವೇ?

ಮುಂದಿನ ರಾಜ್ಯೋತ್ಸವದಲ್ಲಿ ಇದಕ್ಕೊಂದು ಮೇಜು ಕೊಡಿ ಅಂತ ನಮ್ಮ ಸಂಘವನ್ನು ಕೇಳ್ತಿದ್ದೀವಿ. ಬ್ಯಾಂಡೇಜು, ಚಹಾ, ಅಂಟು ನಮ್ಮದು. ನೀವು ಬರುವಾಗ ನಿಮ್ಮೂರ ಮಣ್ಣಿನ ಬಣ್ಣ ನೆನಪು ಮಾಡ್ಕೊಂಡು ಬನ್ನಿ. ಧಾರವಾಡದ ಕಪ್ಪು ಎರೆಯೋ, ಕೋಲಾರದ ಕೆಂಪೋ. ನೆನಪಾಗದಿದ್ದರೆ ಮನೆಗೆ ಫೋನ್ ಮಾಡಿ ಕೇಳಿ.