ಹೆಕ್ಕುವವನಿಗೆ ಯಾರು ಸಂಬಳ ಕೊಡುವುದು?

ಅಡಿಕೆ ಬೆಳೆಯುವ ನಮಗೆ ದರ್ಜೆ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಲಿ ರಾಶಿಯಲ್ಲಿ ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಹೆಕ್ಕುವವನಿಗೆ ಮಾರುವವನೇ ಗುಟ್ಟಿನಲ್ಲಿ ದುಡ್ಡು ಕೊಟ್ಟು ಕರಿಗೋಟನ್ನು ಒಳ್ಳೆಯದರ ಜೊತೆ ಸೇರಿಸಿದರೆ ಖರೀದಿಯವರು ಸುಮ್ಮನಿರ್ತಾರಾ? ಪೇಪರಿನಲ್ಲಿ ಇದೇ ಕೆಲಸ ನಡೆದರೆ ಮಾತ್ರ ನಾವು ಕನ್ನಡಕ ಒರಸಿಕೊಂಡು ಭಕ್ತಿಯಿಂದ ಓದುತ್ತೇವೆ.

ದೂರದ ಒಂದು ಕತೆ ಕೇಳಿ. ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ ಹೋಟೆಲುಗಳ ದ್ರಾಕ್ಷಾರಸದ ಪಟ್ಟಿ ನೋಡಿ ಪ್ರಶಸ್ತಿ ಕೊಡುತ್ತದೆ. 2008ರಲ್ಲಿ ರಾಬಿನ್ ಗೋಲ್ಡ್‌ಸ್ಟೀನ್ ಎಂಬವನು ಇಟಲಿಯ ಮಿಲಾನಿನಲ್ಲಿ ಇಲ್ಲದ ಹೋಟೆಲೊಂದನ್ನು ಕಾಗದದಲ್ಲೇ ಕಟ್ಟಿ, 250 ಡಾಲರ್ ಶುಲ್ಕ ಕಳಿಸಿದ. ದುಬಾರಿ ಪಟ್ಟಿಯಲ್ಲಿ ಇಟ್ಟದ್ದು ಅದೇ ಪತ್ರಿಕೆ ಹಿಂದೆ ಕಳಪೆ ಅಂಕ ಕೊಟ್ಟಿದ್ದ ಬಾಟಲಿಗಳನ್ನು. ಪ್ರಶಸ್ತಿ ಬಂತು! ಅಡಿಗೆಮನೆಯೇ ಇಲ್ಲದ ಹೋಟೆಲಿಗೆ. ನಾವು ಫೋನು ಮಾಡಿದ್ದೆವು, ರೆಕಾರ್ಡಿನ ಧ್ವನಿ ಮಾತ್ರ ಸಿಕ್ಕಿತು ಅಂತ ಪತ್ರಿಕೆಯ ಸಮಜಾಯಿಷಿ. ಅದೇ ದೇಶದ ರಾಬರ್ಟ್ ಪಾರ್ಕರ್ 1978ರಲ್ಲಿ ಜಾಹೀರಾತೇ ತೆಗೆದುಕೊಳ್ಳದೆ, ಚಂದಾದಾರರ ದುಡ್ಡಿನಲ್ಲೇ ವೈನಿನ ಪತ್ರಿಕೆ ಶುರುಮಾಡಿದ್ದ. ಹಾಗಾದರೆ ಆಗುವುದಿಲ್ಲ ಎಂಬುದು ಸುಳ್ಳು.

ವೈನು ನಮಗೆ ಯಾಕೆ ಮಾರಾಯ್ರೆ, ಎಂದೀರಿ. ಸರಿ, ಊರಿಗೇ ಬರೋಣ. ಹೊಸ ಚಿನ್ನದಂಗಡಿ ತೆರೆದ ದಿನ ಪುರವಣಿ ಬರುತ್ತದೆ: ಅರ್ಧ ಜಾಹೀರಾತು, ಅರ್ಧ ‘ಲೇಖನ’. ಆ ಲೇಖನದಲ್ಲಿ ಒಂದಾದರೂ ದೂರು ಉಂಟಾ, ಹುಡುಕಿ. ಮೇ ತಿಂಗಳಲ್ಲಿ ‘ಅತ್ಯುತ್ತಮ ಕಾಲೇಜು’ಗಳ ಪಟ್ಟಿ ಬರುತ್ತದೆ, ಮುಂದಿನ ಪುಟ ತಿರುಗಿಸಿದರೆ ಅದೇ ಕಾಲೇಜುಗಳ ಬಣ್ಣದ ಜಾಹೀರಾತು. ಮಗಳ ಶುಲ್ಕಕ್ಕೆ ತೋಟ ಅಡವಿಡುವ ತಂದೆ ನೋಡುವುದು ಆ ಪಟ್ಟಿಯನ್ನೇ. ಮೋಸ ಹೋಗುವುದು ಹತ್ತು ರೂಪಾಯಿ ಅಲ್ಲ.

2009ರ ಚುನಾವಣೆಯ ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಕೊಟ್ಟಿತು. ಉಪಸಮಿತಿ ಪತ್ರಿಕೆಗಳ ಹೆಸರು ಹೇಳಿ ಬರೆದದ್ದನ್ನು ಮಂಡಳಿ ಇಡಿಯಾಗಿ ಹೊರಬಿಡಲಿಲ್ಲ; ಅದು ಮಾಹಿತಿ ಹಕ್ಕಿನಿಂದ ಹೊರಗೆ ಬಂತು. ಕಾವಲುಗಾರನೂ ನಾಚಿಕೊಂಡ ನೋಡಿ.

ಪತ್ರಿಕೆ ಚಂದಾದಿಂದ ಮಾತ್ರ ನಡೆಯುವುದಿಲ್ಲ ಎನ್ನುವವರಿಗೆ ನನ್ನ ತಕರಾರಿಲ್ಲ. ಜಾಹೀರಾತು ಬರಲಿ, ಜಾಹೀರಾತಿನ ಚೌಕಟ್ಟಿನಲ್ಲೇ ಬರಲಿ. ಅದು ಸುದ್ದಿಯ ಅಂಗಿ ಹಾಕಿಕೊಂಡು ಬರುವುದು ಬೇಡ.

ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ಕೆಂಪು ಪೆನ್ಸಿಲ್ ಇಡುವ. ದುಡ್ಡಿನ ವಾಸನೆ ಬರುವ ಲೇಖನಕ್ಕೆ ಓದಿದವರು ಗೆರೆ ಹಾಕಲಿ, ಅನುಮಾನ ಯಾಕೆಂದು ಬದಿಯಲ್ಲಿ ಎರಡು ಮಾತು ಬರೆಯಲಿ. ಮೇಷ್ಟ್ರುಗಳು ಎಂಟನೇ ಕ್ಲಾಸಿನ ಮಕ್ಕಳನ್ನು ಶನಿವಾರ ಕರೆತಂದರೆ ಇನ್ನೂ ಒಳ್ಳೆಯದು. ಪೆನ್ಸಿಲ್ ನಾನು ತರುತ್ತೇನೆ.